ಗಾನ್ ತೋದ ಕಲ್ಲು ಮೀನುಗಾರ

ಗಾನ್ ತೋ ಬಂಡೆಯ ಕೆಳಗಿನ ಬೆಸ್ತರ ಕೇರಿಯಲ್ಲಿ ಖ್ವಾನಷ್ಟು ಮಾತಾಡುವವನು ಇನ್ನೊಬ್ಬನಿರಲಿಲ್ಲ. ವಯಸ್ಸು ಎಪ್ಪತ್ತೊಂದು. ಮುಂದಿನ ಹಲ್ಲುಗಳು ಉದುರಿದ ಮೇಲೆ ಮಾತಿಗೆ ಇದ್ದ ಸಣ್ಣಪುಟ್ಟ ಅಡ್ಡಿಯೂ ಹೋದಂತಾಗಿತ್ತು. ಅವನು ಸಾವಿನ ಮನೆಗೆ ಹೋದರೆ ಸತ್ತವನೊಬ್ಬನೇ ಪೂರ್ತಿ ಕೇಳಿಸಿಕೊಳ್ಳುತ್ತಾನೆ ಎಂದು ಕೇರಿಯವರು ಆಡಿಕೊಳ್ಳುತ್ತಿದ್ದರು. ಸ್ವಂತದ ಹರಿಗೋಲು ಹೋಗಿ ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಅವನು ದಿನಾ ನಸುಕಿನಲ್ಲೇ ಎದ್ದು, ಬಂಡೆಯ ತುದಿಯಲ್ಲಿ ಕಡಲಿಗೆ ಚಾಚಿಕೊಂಡಿರುವ ಕಂಬಗಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಹೊತ್ತು ನೆತ್ತಿಗೇರುವವರೆಗೆ ಗಾಳ ಹಾಕುತ್ತಿದ್ದ. ಮನುಷ್ಯರು ಸಿಗದಿದ್ದರೆ ಮೀನುಗಳ ಹತ್ತಿರವೇ ಮಾತಾಡುತ್ತಿದ್ದ. ಅವುಗಳಲ್ಲಿ ಕೆಲವು ಬೇಸತ್ತೇ ಗಾಳ ಕಚ್ಚುತ್ತವೆ ಎಂದು ಹೆಂಡತಿ ಲುವಾ ಹೇಳುತ್ತಿದ್ದಳು.

ಒಂದು ದಿನ ಪಟ್ಟಣದಿಂದ ಬಂದ ಫೋಟೊದವನೊಬ್ಬ ದಿಬ್ಬದ ಮೇಲೆ ನಿಂತು ಸೂರ್ಯ ಹುಟ್ಟುವುದನ್ನು ತೆಗೆದುಕೊಂಡು ಹೋದ. ಬೆಳಕು ಆಚೆಯಿಂದ ಬರುತ್ತಿತ್ತು. ಸುತ್ತಲಿನ ಕಂಬಗಲ್ಲುಗಳೂ ಕಪ್ಪು, ಎಲೆಟೊಪ್ಪಿ ಇಟ್ಟು ಕೂತ ಖ್ವಾನೂ ಕಪ್ಪು. ನಾಲ್ಕು ತಿಂಗಳಲ್ಲಿ ಆ ಫೋಟೊ ಪ್ರಾಂತ್ಯದ ಪ್ರವಾಸಿ ಕೈಪಿಡಿಯ ಮುಖಪುಟಕ್ಕೆ ಬಂತು. ಗಾನ್ ತೋವನ್ನು ಯಾವತ್ತೂ ನೋಡಿರದ ಯಾರೋ ಅದರ ಕೆಳಗೆ ಹೀಗೆ ಬರೆದಿದ್ದರು: "ಕಲ್ಲು ಮೀನುಗಾರ. ಜ್ವಾಲಾಮುಖಿ ಉಗುಳಿದ ಲಾವಾ ತಣ್ಣಗಾಗುವಾಗ ಪ್ರಕೃತಿಯೇ ಕಡೆದ ಅಪರೂಪದ ಶಿಲ್ಪ."

ಕೇರಿಯವರಿಗೆ ಇದು ತಿಳಿದದ್ದು ಮೊದಲ ಬಸ್ಸು ಬಂದಾಗ. ಆಗ ಮಧ್ಯಾಹ್ನ. ಖ್ವಾ ಮನೆಯಲ್ಲಿ ಕೂತು ಕುದಿಸಿದ ಬಂಗಡೆಯ ಗಟ್ಟಿ ಸಾರಿನಲ್ಲಿ ಅನ್ನ ಉಣ್ಣುತ್ತಿದ್ದ. ಬಸ್ಸಿನಿಂದ ಇಳಿದ ನಲವತ್ತು ಜನ ಬಂಡೆಯ ತುದಿಯವರೆಗೂ ಹೋಗಿ, ಕೈಪಿಡಿಯನ್ನು ಕಣ್ಣ ಮುಂದೆ ಹಿಡಿದು, ಒಂದೊಂದು ಕಲ್ಲನ್ನೂ ಪಟದೊಂದಿಗೆ ತಾಳೆ ನೋಡಿದರು. ಮಿಕ್ಕ ಕಲ್ಲುಗಳೆಲ್ಲ ಇದ್ದಲ್ಲೇ ಇದ್ದವು, ಮೀನುಗಾರ ಮಾತ್ರ ಇರಲಿಲ್ಲ. ಅಷ್ಟು ದೊಡ್ಡ ಕಲ್ಲನ್ನು ಯಾರೋ ಹಾಡುಹಗಲೇ ಕದ್ದಿದ್ದಾರೆ ಎಂದು ಒಬ್ಬ ಹೆಂಗಸು ಊರಾಡಳಿತದ ಸಮಿತಿ ಕಚೇರಿಗೆ ಹೋಗಿ ದೂರು ಬರೆದುಕೊಟ್ಟಳು.

ಸಮಿತಿ ಕಚೇರಿಯಲ್ಲಿ ಸಂಸ್ಕೃತಿ ವಿಭಾಗ ನೋಡಿಕೊಳ್ಳುತ್ತಿದ್ದವಳು ನ್ಯಾ. ಮೂವತ್ತರ ಆಸುಪಾಸಿನ ಹೆಂಗಸು, ಕೆಲಸದಲ್ಲಿ ಪ್ರಾಮಾಣಿಕಳು. ಫೋಟೊ ನೋಡಿದ ಕೂಡಲೇ ಅವಳಿಗೆ ಟೊಪ್ಪಿಯ ಗುರುತು ಸಿಕ್ಕಿತು. ಮೇಲಿನವರಿಗೆ ಫೋನ್ ಮಾಡಿ, ಅದು ಕಲ್ಲಲ್ಲ, ನಮ್ಮೂರಿನ ಮುದುಕ ಎಂದಳು. ಅವರು ಸಮಾಧಾನದಿಂದ ತಿಳಿಹೇಳಿದರು. ಕೈಪಿಡಿ ನಲವತ್ತು ಸಾವಿರ ಪ್ರತಿ ಅಚ್ಚಾಗಿದೆ, ಅದರ ಮೇಲೆ ಏಳು ಜನರ ರುಜು ಇದೆ. ತಪ್ಪಾಗಿದೆ ಎಂದರೆ ಏಳು ಜನವೂ ತಪ್ಪಿದಂತೆ. ಅದರ ಬದಲು ಒಬ್ಬ ಮುದುಕನನ್ನು ಸರಿಪಡಿಸುವುದು ಸುಲಭವಲ್ಲವೇ?

ಮರುದಿನ ನ್ಯಾ ಒಂದು ಹೆಡಿಗೆ ಲಿಚಿ ಹಣ್ಣು ಹಿಡಿದುಕೊಂಡು ಖ್ವಾನ ಮನೆಗೆ ಬಂದಳು. ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ.

"ದೊಡ್ಡಪ್ಪ, ನೀವು ಹೆಂಗೂ ದಿನಾ ಅಲ್ಲಿ ಕೂರ್ತೀರಲ್ಲ. ಇನ್ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಕೂತ್ಕೊಳ್ಳಿ. ಅಷ್ಟೇ."

"ಕೂತ್ಕೊಂಡು?"

"ಕಲ್ಲಾಗಿರಿ. ಬಸ್ಸು ಬಂದಾಗ ಅಲ್ಲಾಡಬಾರದು. ಮಾತಾಡಬಾರದು."

ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದ ಲುವಾಳಿಗೆ ನಗು ತಡೆಯಲಾಗಲಿಲ್ಲ. ಸೊಪ್ಪಿನ ಬುಟ್ಟಿಯನ್ನು ಕೆಳಗಿಟ್ಟು, ಗೋಡೆಗೆ ಒರಗಿ, ಕಣ್ಣೊರೆಸಿಕೊಂಡು, "ನ್ಯಾ, ಅಲ್ಲಾಡದೆ ಕೂರಿಸಬಹುದು ಕಣಮ್ಮ. ಹಗ್ಗ ಕಟ್ಟಿದ್ರೆ ಆಯ್ತು. ಬಾಯಿಗೇನು ಮಾಡ್ತೀಯ?" ಎಂದಳು.

ಆ ಮಾತೇ ಖ್ವಾನನ್ನು ಕೆರಳಿಸಿತು. ತನ್ನಿಂದಾಗದ್ದು ಯಾವುದಿದೆ ಎಂದು ಕೇಳಿದ. ಜೊತೆಗೆ ಮುಖಪುಟದಲ್ಲಿ ತನ್ನ ಪಟ ಬಂದಿರುವುದು ಅವನಿಗೆ ಒಳಗೊಳಗೇ ಹಿಡಿಸಿತ್ತು. ಕೈಪಿಡಿಯ ಒಂದು ಪ್ರತಿಯನ್ನು ಹಿರಿಯರ ಪೂಜೆಯ ಮಾಡದಲ್ಲಿ, ಅಪ್ಪನ ಫೋಟೊ ಪಕ್ಕ ಇಟ್ಟು ಊದುಬತ್ತಿ ಹಚ್ಚಿದ. ನ್ಯಾ ಅವನಿಗೆ ಬೂದು ಬಣ್ಣದ ಅಂಗಿ, ಷರಾಯಿ ಹೊಲಿಸಿಕೊಟ್ಟಳು.

ಮೊದಲ ವಾರ ಅವನಿಗೆ ನರಕ. ಬಸ್ಸಿನವರನ್ನು ಐವತ್ತು ಹೆಜ್ಜೆ ದೂರದಲ್ಲೇ ಕಟಕಟೆ ಹಾಕಿ ನಿಲ್ಲಿಸುತ್ತಿದ್ದರು. ಆದರೂ ಅವರ ಮಾತು ಗಾಳಿಯಲ್ಲಿ ತೇಲಿ ಬರುತ್ತಿತ್ತು. ಗೈಡುಗಳು ಹೇಳುವುದರಲ್ಲಿ ಹತ್ತಕ್ಕೆ ಒಂಬತ್ತು ತಪ್ಪು. ಈ ಕೊಲ್ಲಿಯಲ್ಲಿ ಗಾಳಿ ಯಾವ ತಿಂಗಳಲ್ಲಿ ತಿರುಗುತ್ತದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ತಿದ್ದುವ ಮಾತನ್ನೆಲ್ಲ ಅವನು ನುಂಗಬೇಕಾಗುತ್ತಿತ್ತು. ಅವನಿಗೆ ಅಜೀರ್ಣವಾಯಿತು. ಒಮ್ಮೆ ಸೀನಿಬಿಟ್ಟ. ಕಲ್ಲಿನ ಸಂದಿಗಳಲ್ಲಿ ಅಲೆ ನುಗ್ಗಿದಾಗ ಹೀಗೆ ಸದ್ದಾಗುವುದುಂಟು ಎಂದು ಗೈಡು ವಿವರಿಸಿದ. ಎಲ್ಲರೂ ತಲೆದೂಗಿದರು.

ನ್ಯಾ ಊಟಕ್ಕೆ ಹೋದ ಒಂದು ಮಧ್ಯಾಹ್ನ, ತೂಯ್ ಹ್ವಾ ಪಟ್ಟಣದ ಕಡೆಯ ಒಬ್ಬ ನಡುವಯಸ್ಸಿನ ಹೆಂಗಸು ಕಟಕಟೆ ದಾಟಿ ಅವನ ಹತ್ತಿರವೇ ಬಂದಳು. ಬಾಳೆಹಣ್ಣಿನ ಚಿಪ್ಪು ಇಟ್ಟು, ಊದುಬತ್ತಿ ಸಿಕ್ಕಿಸಿ, ಕೈಮುಗಿದು ಕೂತಳು. ಅವನು ಉಸಿರಾಡುತ್ತಿರುವುದು ಅವಳಿಗೆ ಕಾಣದೆ ಇರಲಿಲ್ಲ. ಅವನ ಕತ್ತಿನ ಮೇಲೆ ಕೂತಿದ್ದ ನೊಣವನ್ನು ಅವಳೇ ಓಡಿಸಿದಳು. ಆದರೆ ಈ ಕಲ್ಲನ್ನು ದೇವರೆಂದು ನಂಬಿ, ಹರಕೆ ಹೊತ್ತು, ಮೂರು ಬಸ್ಸು ಬದಲಾಯಿಸಿ ಬಂದವಳು ಇಷ್ಟು ಸಣ್ಣ ಕಾರಣಕ್ಕೆ ಹಿಂದಿರುಗುವಂತಿರಲಿಲ್ಲ. ಅತ್ತೆಯ ಕಾಟ, ಗಂಡನ ಮೆದುತನ, ಓದದೆ ಉಳಿದ ಮಗಳು, ಎಲ್ಲವನ್ನೂ ನಿಧಾನವಾಗಿ ಹೇಳಿಕೊಂಡಳು. ಖ್ವಾನ ಹತ್ತಿರ ಅತ್ತೆಯರ ವಿಷಯದಲ್ಲಿ ಒಳ್ಳೊಳ್ಳೆಯ ಸಲಹೆಗಳಿದ್ದವು. ಒಂದನ್ನೂ ಕೊಡಲಾಗದೆ ಕೂತ. ಆದರೆ ಒಂದು ವಿಚಿತ್ರವನ್ನು ಅವನು ಗಮನಿಸಿದ. ನಡುವೆ ಯಾರೂ ಬಾಯಿ ಹಾಕದೆ ಇದ್ದುದರಿಂದ, ಹೇಳುತ್ತ ಹೇಳುತ್ತ ಅವಳಿಗೇ ದಾರಿ ಕಂಡಿತು. ಮಗಳನ್ನು ತವರಿನಲ್ಲಿಟ್ಟು ಹೊಲಿಗೆ ಕಲಿಸುತ್ತೇನೆ ಎಂದು ತನಗೆ ತಾನೇ ತೀರ್ಮಾನ ಹೇಳಿಕೊಂಡು, ಎದ್ದು, ಅವನ ಮೊಣಕಾಲು ಮುಟ್ಟಿ ನಮಸ್ಕರಿಸಿ ಹೋದಳು. ಎಪ್ಪತ್ತೊಂದು ವರ್ಷದಲ್ಲಿ ಅವನ ಸಲಹೆಯಿಂದ ಯಾರಿಗೂ ಇಷ್ಟು ಉಪಕಾರವಾಗಿರಲಿಲ್ಲ.

ಆಮೇಲೆ ಪ್ರಾಂತ್ಯದಿಂದ ಪರಿಶೀಲನೆಗೆ ಇಬ್ಬರು ತಜ್ಞರು ಬಂದರು. ಹಿರಿಯರ ಕೈಯಲ್ಲಿ ಅಳತೆಯ ಟೇಪು, ಸುತ್ತಿಗೆ. ಜೊತೆಗಿದ್ದ ಐವತ್ತರ ಹೆಂಗಸಿನ ಕೈಯಲ್ಲಿ ನಮೂನೆ ಪತ್ರ. ಸಂರಕ್ಷಿತ ಶಿಲೆಗಳ ಪಟ್ಟಿಗೆ ಸೇರಿಸುವ ಮುನ್ನ ಎಲ್ಲವೂ ನಮೂನೆಯ ಪ್ರಕಾರ ಆಗಬೇಕಿತ್ತು. ಹಿರಿಯರು ಅವನ ನೆತ್ತಿಯಿಂದ ಪೃಷ್ಠದವರೆಗೆ ಟೇಪು ಹಿಡಿದರು. ಎಂಬತ್ತೆಂಟು ಸೆಂಟಿಮೀಟರು. ಭುಜದ ಅಗಲ, ಸುತ್ತಳತೆ ಬರೆಸಿದರು. ಹೆಂಗಸು ಅವನ ಬೆನ್ನಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ, "ಸರ್, ಇದು ಬೆಚ್ಚಗಿದೆ" ಎಂದಳು.

"ಬೆಳಗಿಂದ ಬಿಸಿಲಿಗೆ ಕೂತಿದೆಯಲ್ಲಮ್ಮ," ಎಂದರು ಹಿರಿಯರು. "ಬರ್ಕೊಳ್ಳಿ. ಮೇಲ್ಮೈಯಲ್ಲಿ ಸುಕ್ಕು, ಬಿರುಕು ಬಹಳ. ಸ್ಥಿತಿ, ಸದ್ಯಕ್ಕೆ ಸ್ಥಿರ."

ಮಾದರಿಗೆ ಒಂದು ಚೂರು ಒಡೆಯಬೇಕಿತ್ತು. ಸುತ್ತಿಗೆ ಎತ್ತಿದಾಗ ಖ್ವಾ ಗಾಳದ ಕೋಲನ್ನು ಬಿಗಿಯಾಗಿ ಹಿಡಿದುಕೊಂಡ. ಹಿರಿಯರು ಸ್ವಲ್ಪ ಯೋಚಿಸಿ, ಎಲ್ಲ ಒಂದೇ ಜಾತಿಯ ಕಲ್ಲು ಎಂದು, ಅವನು ಕೂತಿದ್ದ ಕಂಬದ ಮೂಲೆಯನ್ನು ಒಡೆದುಕೊಂಡರು. ಹೋಗುವಾಗ ಗಾಳದ ಕೋಲನ್ನು ತೋರಿಸಿ, ಇದು ಮೂಲದ್ದಲ್ಲ, ಆಮೇಲೆ ಯಾರೋ ಸೇರಿಸಿದ್ದು ಎಂದು ಕಿತ್ತು ತೆಗೆಸಿದರು.

ಹದಿನೈದು ದಿನದಲ್ಲಿ ಆದೇಶ ಬಂತು. ನ್ಯಾ ಅದನ್ನು ಓದಿ ಹೇಳುವಾಗ ಅವಳ ಧ್ವನಿ ಸಣ್ಣಗಾಗಿತ್ತು. ಸದರಿ ಶಿಲೆಯನ್ನು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಇದ್ದ ಸ್ಥಳದಿಂದ ಕದಲಿಸುವಂತಿಲ್ಲ. ಬಣ್ಣ ಬಳಿಯುವುದು, ಹೆಸರು ಕೆತ್ತುವುದು, ತುಂಡರಿಸುವುದು ಶಿಕ್ಷಾರ್ಹ. ಊಟದ ವಿಷಯ ಅದರಲ್ಲಿ ಏನೂ ಇರಲಿಲ್ಲ.

ಹೀಗಾಗಿ ಮಧ್ಯಾಹ್ನದ ಊಟವನ್ನು ಲುವಾ ಬಂಡೆಗೇ ತರತೊಡಗಿದಳು. ಕಟಕಟೆಗೆ ಬೆನ್ನು ಮಾಡಿ, ಅವನ ಎದುರಿಗೆ ಕೂತು, ಎಲೆಟೊಪ್ಪಿಯ ಮರೆಯಲ್ಲಿ ತುತ್ತು ತುತ್ತಾಗಿ ತಿನ್ನಿಸುತ್ತಿದ್ದಳು. ದೂರದಿಂದ ನೋಡಿದವರಿಗೆ ಯಾರೋ ಭಕ್ತೆ ನೈವೇದ್ಯ ಮಾಡುತ್ತಿದ್ದಂತೆ ಕಾಣುತ್ತಿತ್ತು. ಅದನ್ನು ನೋಡಿ ಬಸ್ಸಿನವರೂ ಕಟಕಟೆಯ ಬುಡದಲ್ಲಿ ಅಂಟಕ್ಕಿಯ ಅನ್ನ, ಬೇಯಿಸಿದ ಮೊಟ್ಟೆ, ಒಬ್ಬರಂತೂ ಹುರಿದ ಬಾತುಕೋಳಿಯನ್ನೇ ಇಟ್ಟು ಹೋದರು.

ಮೂರನೆಯ ದಿನ ಲುವಾ ಮಾತು ಶುರು ಮಾಡಿದಳು. ಮೊದಲು ಸಣ್ಣ ವಿಷಯ. ಅವನ ತಂಗಿ ಮದುವೆಯ ಹೊಸತರಲ್ಲಿ ತನ್ನನ್ನು ಕರಿಮೂತಿ ಎಂದದ್ದು. ಅವನು ಬಾಯಿ ತುಂಬ ಹೊಗಳುವ ಸ್ಕ್ವಿಡ್ ಸಾರು ನಿಜಕ್ಕೂ ಪಕ್ಕದ ಮನೆಯವಳು ಮಾಡಿಕೊಡುತ್ತಿದ್ದದ್ದು. ಖ್ವಾ ತುತ್ತನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮಿಟುಕಿಸಿದ. ಅದಕ್ಕಿಂತ ಹೆಚ್ಚಿನದನ್ನು ಮಾಡುವ ಹಾಗಿರಲಿಲ್ಲ. ನಲವತ್ತಾರು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಗಂಡ ಎದುರಿಗಿದ್ದಾನೆ, ಬಾಯಿ ಮುಚ್ಚಿದೆ, ಅದಕ್ಕೆ ಸರ್ಕಾರದ ಆದೇಶವೂ ಇದೆ. ಲುವಾ ಈ ಅನುಕೂಲವನ್ನು ಬಿಡಲಿಲ್ಲ. ದಿನಕ್ಕೊಂದು ವರ್ಷದಂತೆ ಹೇಳುತ್ತ ಬಂದಳು. ಮೊದಲ ಹೆರಿಗೆಯಲ್ಲಿ ತಾನು ಎಷ್ಟು ಹೆದರಿದ್ದೆ ಎಂದು ಹೇಳಿದಳು. ದೊಡ್ಡ ಮಗಳು ಮದುವೆಯಾಗಿ ಹೋದ ದಿನ ಅವನು ನೆಂಟರ ಮುಂದೆ ಭಾಷಣ ಮಾಡುತ್ತಿದ್ದಾಗ ತಾನು ಹಂದಿಗೂಡಿನ ಹಿಂದೆ ಕೂತು ಅತ್ತದ್ದನ್ನೂ ಹೇಳಿದಳು. ಇದೇ ಹೆಂಗಸಿನ ಜೊತೆ ಇಷ್ಟು ವರ್ಷ ಇದ್ದೆನೇ ಎಂದು ಖ್ವಾನಿಗೆ ಆಶ್ಚರ್ಯ. ಅವನು ಬೆಳಗಿನಿಂದಲೇ ಮಧ್ಯಾಹ್ನವನ್ನು ಕಾಯತೊಡಗಿದ. ಊಟಕ್ಕಲ್ಲ.

ಒಂದು ದಿನ ಅವಳು ಊಟ ತಿನ್ನಿಸಿ ಮುಗಿಸಿ, ಬಟ್ಟಲು ತೊಳೆದಿಟ್ಟು, ಮತ್ತೆ ಅವನ ಎದುರು ಕೂತಳು. ಹಿಂದೆ ಕಟಕಟೆಯ ಬಳಿ ನಿವೃತ್ತ ಮೇಷ್ಟ್ರುಗಳ ಒಂದು ತಂಡ ನಿಂತಿತ್ತು.

"ಹರಿಗೋಲಿನ ವಿಷಯ," ಎಂದಳು.

ಖ್ವಾ ಕಿವಿಗೊಟ್ಟ. ಹರಿಗೋಲು ಹೋದ ವರ್ಷದ ಬಿರುಗಾಳಿಯಲ್ಲಿ ಅವನ ತಮ್ಮ ಕಡಲಿಗೆ ಹೋದವನು ಬಂದಿರಲಿಲ್ಲ. ಹತ್ತೇ ದಿನಕ್ಕೆ ಇನ್ನೊಂದು ಗಾಳಿ ಎದ್ದಿತ್ತು. ಗಾಳಿ ತಗ್ಗುವ ಮೊದಲೇ ಮೀನಿನ ಹಿಂಡು ಬರುತ್ತದೆ, ಬೆಳಗಾಗುತ್ತಲೇ ಇಳಿಯುತ್ತೇನೆ ಎಂದು ಖ್ವಾ ಹಟ ಹಿಡಿದಿದ್ದ. ಬೆಳಿಗ್ಗೆ ನೋಡಿದರೆ ಸರ್ವೆಮರಕ್ಕೆ ಕಟ್ಟಿದ್ದ ಹಗ್ಗದ ಮೋಟು ಮಾತ್ರ ಉಳಿದಿತ್ತು. ಹಗ್ಗ ಹೊಸೆದುಕೊಟ್ಟವನು ಎದುರುಮನೆಯ ವಿನ್. ಅವನದು ಪೊಳ್ಳು ಹಗ್ಗ, ಬಾಳೆನಾರು ಬೆರೆಸುತ್ತಾನೆ ಎಂದು ಖ್ವಾ ಸಂತೆಯಲ್ಲಿ ನಿಂತು ಬೈದ. ಬೆಸ್ತರು ಪೂಜಿಸುವ ತಿಮಿಂಗಿಲ ದೇವರ ಗುಡಿಯ ಮುಂದೆಯೂ ಬೈದ. ವಿನ್ ಒಂದೂ ಮಾತಾಡದೆ ಹಗ್ಗದ ಕೆಲಸವನ್ನೇ ಬಿಟ್ಟು ಬಾತುಕೋಳಿ ಸಾಕತೊಡಗಿದ. ಓಣಿಯ ಅಗಲ ನಾಲ್ಕು ಹೆಜ್ಜೆ. ಹನ್ನೊಂದು ವರ್ಷದಿಂದ ಎರಡು ಮನೆಗೂ ಮಾತಿಲ್ಲ.

"ಕುಯ್ದಿದ್ದು ನಾನು," ಎಂದಳು ಲುವಾ. "ಒಬ್ಬರನ್ನ ಕಡಲು ತಗೊಂಡಿತ್ತು. ನಿಮ್ಮನ್ನೂ ಕೊಡೋಕೆ ನಂಗೆ ಮನಸ್ಸಾಗ್ಲಿಲ್ಲ. ಹಗ್ಗ ಚೆನ್ನಾಗೇ ಇತ್ತು. ಕುಯ್ಯೋಕೆ ಎಷ್ಟೊತ್ತು ಹಿಡೀತು ಗೊತ್ತಾ, ಕೈ ಬೊಬ್ಬೆ ಬಂತು. ಹೇಳೋಣ ಅಂತ ಎಷ್ಟು ಸಲ ಬಾಯಿ ತೆಗೆದೆನೋ. ನಿಮ್ಮ ಮಾತಿನ ಮಧ್ಯೆ ಸಂದಿನೇ ಸಿಗ್ಲಿಲ್ಲ."

ಖ್ವಾ ಎದ್ದು ನಿಂತ. ಮಂಡಿಗಳು ಲಟಕ್ಕೆಂದವು. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಕಟಕಟೆಯ ಹತ್ತಿರ ಬಂದ. ಮೇಷ್ಟ್ರುಗಳು ದಾರಿ ಬಿಟ್ಟರು. ಒಬ್ಬರು ಕೈಪಿಡಿಯ ಪುಟ ತಿರುವಿ, ಇದರ ಬಗ್ಗೆ ಏನಾದರೂ ಬರೆದಿದೆಯೇ ಎಂದು ಹುಡುಕಿದರು. ಕಾರ್ಯಕ್ರಮದಲ್ಲಿ ಶಿಲೆಯನ್ನು ನೋಡುವುದು ಎಂದಿದ್ದುದರಿಂದ, ಶಿಲೆ ಹೋದ ಕಡೆ ತಾವೂ ಹೋಗುವುದೇ ಸರಿ ಎಂದು ತಂಡದ ಮುಖ್ಯಸ್ಥರು ತೀರ್ಮಾನಿಸಿದರು. ಮೂವತ್ತೆರಡು ಮೇಷ್ಟ್ರುಗಳು ಸಾಲಾಗಿ ಖ್ವಾನ ಹಿಂದೆ ಕೇರಿಗೆ ಇಳಿದರು.

ವಿನ್ ಅಂಗಳದಲ್ಲಿ ಬಾತುಕೋಳಿಗಳಿಗೆ ತೌಡು ಕಲಸುತ್ತಿದ್ದ. ಎಪ್ಪತ್ನಾಲ್ಕು ವರ್ಷದ ಒಣಕಲು ಮನುಷ್ಯ. ಬೇಲಿಯಾಚೆ ಬೂದು ಬಟ್ಟೆಯ ಖ್ವಾನನ್ನೂ ಅವನ ಹಿಂದಿನ ಸಾಲನ್ನೂ ನೋಡಿ ಕೈ ತೊಳೆದುಕೊಂಡು ಬಂದ. ಖ್ವಾ ದಾರಿಯುದ್ದಕ್ಕೂ ಒಂದು ದೊಡ್ಡ ಮಾತನ್ನು ಜೋಡಿಸಿಕೊಂಡು ಬಂದಿದ್ದ. ತೀರ ಬೇಲಿಯ ಹತ್ತಿರ ಬಂದಾಗ ಅದರಲ್ಲಿ ಮೂರೇ ಪದ ಉಳಿದಿದ್ದವು.

"ಅಣ್ಣ, ಹಗ್ಗ ಚೆನ್ನಾಗಿತ್ತು."

"ಗೊತ್ತು," ಎಂದ ವಿನ್.

"ನಿಂಗೆ ಹೆಂಗೆ ಗೊತ್ತು?"

"ಹೊಸೆದಿದ್ದು ನಾನಲ್ವೇನೋ. ಕುಯ್ದ ತುದಿ ಬೇರೆ, ಹರಿದ ತುದಿ ಬೇರೆ. ಅವತ್ತೇ ನೋಡಿದ್ದೆ."

"ಮತ್ತೆ ಹನ್ನೊಂದು ವರ್ಷ ಯಾಕೆ ಬಾಯಿ ಬಿಡಲಿಲ್ಲ?"

ವಿನ್ ತೌಡಿನ ಬಕೆಟ್ಟಿನ ಕಡೆ ನೋಡಿದ. ಮೇಷ್ಟ್ರುಗಳೂ ನೋಡಿದರು. "ಹೇಳಿದ್ರೆ ನಿನ್ನ ಹೆಂಡ್ತಿ ಬೈಸ್ಕೋಬೇಕಿತ್ತು. ಅದೊಂದು. ಮತ್ತೆ, ಬೇಜಾರು ಮಾಡ್ಕೋಬೇಡ ತಮ್ಮ, ನೀನು ಮಾತು ಬಿಟ್ಟ ಮೇಲೆ ಓಣಿ ಬಹಳ ನೆಮ್ಮದಿಯಾಗಿತ್ತು."

ಮೇಷ್ಟ್ರುಗಳಲ್ಲಿ ಒಬ್ಬರು ಚಪ್ಪಾಳೆ ತಟ್ಟಿ, ಜೊತೆಗೆ ಯಾರೂ ತಟ್ಟದ್ದನ್ನು ಕಂಡು ನಿಲ್ಲಿಸಿದರು. ವಿನ್ ಗೇಟು ತೆಗೆದ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದರು. ಒಳಗಿದ್ದ ಕಪ್ಪುಗಳು ಸಾಲದೆ ಮೇಷ್ಟ್ರುಗಳು ಸರದಿಯ ಮೇಲೆ ಕುಡಿದರು.

ಖ್ವಾ ಬಂಡೆಗೆ ಹಿಂದಿರುಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ದೂರದಿಂದಲೇ ನೋಡಿ ನಿಂತುಬಿಟ್ಟ. ಅವನ ಕಲ್ಲಿನ ಮೇಲೆ ಲುವಾ ಕೂತಿದ್ದಳು. ಮನೆಗೆ ಹೋದರೆ ಗಂಡ ಏನನ್ನುತ್ತಾನೋ ಎಂಬ ಅಂಜಿಕೆಯಿಂದ ಅವಳು ಅಲ್ಲೇ ಉಳಿದಿದ್ದಳು. ಅಷ್ಟರಲ್ಲಿ ಇನ್ನೊಂದು ಬಸ್ಸು ಬಂದಿತ್ತು. ಕಟಕಟೆಯ ತುಂಬ ಜನ. ಕಲ್ಲು ಮೀನುಗಾರ ಪಟದಲ್ಲಿ ಇದ್ದುದಕ್ಕಿಂತ ಸಣ್ಣದಾಯಿತು ಎಂದು ಯಾರೋ ತಕರಾರು ತೆಗೆದಿದ್ದರು. ಉಪ್ಪುಗಾಳಿಗೆ ಸವೆದಿದೆ ಎಂದು ಗೈಡು ಹೇಳುತ್ತಿದ್ದ. ಪಕ್ಕದಲ್ಲಿ ನ್ಯಾ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಳು.

ಖ್ವಾ ಕಟಕಟೆ ದಾಟಿ ಹೋಗಿ ಹೆಂಡತಿಯ ಎದುರು ಕೂತ. ಅವಳು ಅವನ ಮುಖ ನೋಡಿದಳು. ಬೈಗುಳಕ್ಕೆ ಕಾದಳು. ಕಾದೂ ಕಾದೂ ಕೊನೆಗೆ ಅವಳೇ ಕೇಳಿದಳು, "ವಿನ್ ಅಣ್ಣ ಏನಂದ್ರು?"

"ಚಹಾ ಕೊಟ್ಟ," ಎಂದ ಖ್ವಾ. ಆಮೇಲೆ ಕೈ ಚಾಚಿ, "ಏಳೇ, ಸಂಜೆ ಗಾಳಿ ಬಿತ್ತು. ಶೀತ ಆಗುತ್ತೆ" ಎಂದ.

ಕಲ್ಲು ಎದ್ದು ಉಟ್ಟ ಬಟ್ಟೆ ಸರಿಮಾಡಿಕೊಂಡದ್ದನ್ನು ಕಂಡು ಜನರಲ್ಲಿ ಗುಜುಗುಜು ಎದ್ದಿತು. ಇಷ್ಟು ದೂರದಿಂದ ಬಂದು ಈಗ ನಾವು ನೋಡುವುದೇನನ್ನು ಎಂದು ಒಬ್ಬ ಗಂಡಸು ಕೂಗಿ ಕೇಳಿದ. ಲುವಾ ಅವನತ್ತ ತಿರುಗಿದಳು. ಮಾತಾಡುವ ರೂಢಿ ಅವಳಿಗೆ ಈಗ ಚೆನ್ನಾಗಿ ಆಗಿತ್ತು.

"ಕಲ್ಲು ನೋಡೋಕಲ್ವೇನಪ್ಪ ಬಂದಿರೋದು? ನೀನು ನಿಂತಿರೋದು ಯಾತರ ಮೇಲೆ?"

ಜನ ತಮ್ಮ ಕಾಲ ಬುಡ ನೋಡಿಕೊಂಡರು. ಕರ್ರಗೆ, ಐದು ಮೂಲೆ ಆರು ಮೂಲೆಯ ಕಂಬಗಲ್ಲುಗಳು, ಬಟ್ಟಲುಗಳನ್ನು ಪೇರಿಸಿಟ್ಟಂತೆ, ಒಂದರ ಪಕ್ಕ ಒಂದು, ಸಾವಿರ ಸಾವಿರವಾಗಿ ದಿಬ್ಬದಿಂದ ಇಳಿದು ಕಡಲಿನೊಳಕ್ಕೆ ಹೋಗಿದ್ದವು. ಅಲೆ ಬಂದು ಹಿಂದೆ ಸರಿದಾಗ ಅವುಗಳ ಮೇಲೆ ಸಂಜೆಯ ಬೆಳಕು ಜಾರುತ್ತಿತ್ತು. ಇಷ್ಟು ದಿನ ಬಂದ ಬಸ್ಸುಗಳಲ್ಲಿ ಒಬ್ಬರೂ ಅದನ್ನು ಹೀಗೆ ನೋಡಿರಲಿಲ್ಲ. ತಕರಾರಿನ ಗಂಡಸು ಬಗ್ಗಿ ಒಂದು ಕಲ್ಲನ್ನು ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ಎಲ್ಲರೂ ಚಪ್ಪಲಿ ಬಿಚ್ಚಿ ಕಲ್ಲುಗಳ ಮೇಲೆ ಇಳಿದರು.

ನ್ಯಾ ಮೂರು ದಿನ ಯೋಚಿಸಿ ವರದಿ ಬರೆದಳು. ಸಂರಕ್ಷಿತ ಶಿಲೆಯು ತನ್ನ ಸ್ವಂತ ಇಚ್ಛೆಯಿಂದ ಸ್ಥಳಾಂತರಗೊಂಡಿದೆ, ಇದರಲ್ಲಿ ಯಾರ ಲೋಪವೂ ಇಲ್ಲ ಎಂದಿತ್ತು ಅದರಲ್ಲಿ. ಮೇಲಿನವರಿಗೆ ಕೊನೆಯ ಸಾಲು ಬಹಳ ಹಿಡಿಸಿ, ಏಳು ಜನವೂ ರುಜು ಹಾಕಿ ಕಡತ ಮುಚ್ಚಿದರು.

ಕಲ್ಲಿನಿಂದ ಎದ್ದು ಬಂದ ಆ ಸಂಜೆ ಗಂಡ ಹೆಂಡತಿ ಸರ್ವೆಮರಗಳ ನಡುವಿನ ದಾರಿಯಲ್ಲಿ ಮನೆಗೆ ನಡೆದರು. ಖ್ವಾ ಅರ್ಧ ದಾರಿಯಾದರೂ ಒಂದು ಮಾತೂ ಆಡಲಿಲ್ಲ. ಲುವಾಳಿಗೆ ದಿಗಿಲಾಯಿತು.

"ಏನಾದ್ರೂ ಮಾತಾಡಿ," ಎಂದಳು.

ಖ್ವಾ ಯೋಚಿಸಿದ. "ಯಾವ ಚಾಕು?"

"ಮೀನು ಕುಯ್ಯೋದು."

"ಆ ಹಗ್ಗಕ್ಕೆ ಮೊಂಡಾಗಿರ್ಬೇಕಲ್ಲೇ."

"ಆಯ್ತು. ಆ ವರ್ಷವೆಲ್ಲ ಮೀನು ಸರಿಯಾಗಿ ಹೆಚ್ಚಲ್ಲ ಅಂತ ಬೈತಿದ್ರಿ."

ಹೌದು, ಬೈದಿದ್ದೆ ಎಂದ ಖ್ವಾ. ಅವಳ ಕೈಯಲ್ಲಿದ್ದ ಬಟ್ಟಲಿನ ಗಂಟನ್ನು ತಾನು ತೆಗೆದುಕೊಂಡು, ಆಮೇಲೇನಾಯಿತು ಹೇಳು ಎಂದ.